ಮೂರನೇ ತರಗತಿಯಲ್ಲೂ ಒತ್ತಕ್ಷರ ತಪ್ಪುವ ಮಗು: ಓದಿನ ತೊಂದರೆಯನ್ನು ಕನ್ನಡದಲ್ಲಿ ಗುರುತಿಸುವ ಬಗೆ

ಮೂರನೇ ತರಗತಿಯ ಮಗುವೊಂದು ಪಾಠದಲ್ಲಿ ಬರುವ ‘ಭಕ್ತಿ’ ಎಂಬ ಪದದ ಮುಂದೆ ತಡವರಿಸಿ, ಕೊನೆಗೆ ‘ಬಕಿತ’ ಎಂದು ಓದುತ್ತದೆ. ಉಕ್ತಲೇಖನ ಕೊಟ್ಟರೆ ಅರ್ಕಾವತ್ತು ಬಿಟ್ಟುಹೋಗುತ್ತದೆ, ದೀರ್ಘ ಇರಬೇಕಾದಲ್ಲಿ ಹ್ರಸ್ವ ಬರುತ್ತದೆ. ಅದೇ ಮಗು ಅಜ್ಜಿ ಹೇಳಿದ ಕಥೆಯನ್ನು ಒಂದು ಎಳೆಯೂ ತಪ್ಪದಂತೆ ತಿರುಗಿ ಹೇಳಬಲ್ಲದು. ಅಂಗಡಿಗೆ ಹೋದರೆ ಚಿಲ್ಲರೆಯನ್ನು ಸರಿಯಾಗಿ ಎಣಿಸಿ ತರಬಲ್ಲದು. ಇಂಥ ಮಗುವಿನ ತಂದೆ ತಾಯಿಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಸಿಗುತ್ತವೆ. ಇನ್ನೂ ಚಿಕ್ಕವನು, ದೊಡ್ಡವನಾಗುತ್ತ ಸರಿಹೋಗುತ್ತಾನೆ ಎಂಬುದು ಒಂದು. ಡಿಸ್ಲೆಕ್ಸಿಯಾ ಇರಬಹುದು, ತಕ್ಷಣ ಪರೀಕ್ಷೆ ಮಾಡಿಸಿ ಎಂಬುದು ಇನ್ನೊಂದು. ಎರಡರಲ್ಲಿ ಯಾವುದು ಬೇಕಾದರೂ ನಿಜವಾಗಿರಬಹುದು. ಯಾವುದು ನಿಜ ಎಂದು ತಿಳಿಯುವುದು ಇಂಗ್ಲಿಷ್ ಓದುವ ಮಗುವಿಗಿಂತ ಕನ್ನಡ ಓದುವ ಮಗುವಿನ ವಿಷಯದಲ್ಲಿ ಬೇರೆಯೇ ಬಗೆಯ ಕೆಲಸ. ಅದಕ್ಕೆ ಕಾರಣ ನಮ್ಮ ಲಿಪಿಯ ಸ್ವಭಾವದಲ್ಲೇ ಇದೆ.

ಬುದ್ಧಿಶಕ್ತಿಗಾಗಲಿ, ಕಣ್ಣು ಕಿವಿಗಳಿಗಾಗಲಿ ಕೊರತೆಯಿಲ್ಲದೆ, ಕಲಿಯುವ ಅವಕಾಶವೂ ಸಿಕ್ಕಿದ್ದು, ಓದು ಮಾತ್ರ ಕೈಗೆ ಹತ್ತದೆ ಹೋಗುವ ಸ್ಥಿತಿಗೆ ಡಿಸ್ಲೆಕ್ಸಿಯಾ ಎಂದು ಹೆಸರು. ಬರವಣಿಗೆಯ ಮತ್ತು ಲೆಕ್ಕದ ತೊಂದರೆಗಳೂ ಸೇರಿದರೆ ಈ ಗುಂಪನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. ಡಿಸ್ಲೆಕ್ಸಿಯಾ ಎಂಬ ಹೆಸರನ್ನು 1887ರಲ್ಲಿ ಬಳಕೆಗೆ ತಂದವರು ಜರ್ಮನಿಯ ಸ್ಟುಟ್‌ಗಾರ್ಟಿನ ಕಣ್ಣಿನ ವೈದ್ಯ ರುಡಾಲ್ಫ್ ಬರ್ಲಿನ್. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್ ಅವರು ಚುರುಕಾಗಿದ್ದರೂ ಓದಲಾಗದ 14 ವರ್ಷದ ಹುಡುಗನೊಬ್ಬನ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಾಗ ಅದನ್ನು ಹುಟ್ಟಿನಿಂದ ಬಂದ ‘ಪದಕುರುಡು’ ಎಂದು ಕರೆದರು. ತೊಂದರೆ ಕಣ್ಣಿನದೇ ಎಂಬ ಆ ಕಾಲದ ಊಹೆ ಇಂದಿಗೂ ಪೂರ್ತಿಯಾಗಿ ಅಳಿದಿಲ್ಲ. ಅಕ್ಷರಗಳು ತಿರುಗಿಬಿದ್ದು ಕಾಣುವುದೇ ಡಿಸ್ಲೆಕ್ಸಿಯಾ ಎಂದು ಎಷ್ಟೋ ಜನ ನಂಬಿದ್ದಾರೆ. ಬಣ್ಣದ ಕನ್ನಡಕ, ಕಣ್ಣಿನ ವ್ಯಾಯಾಮ ಮುಂತಾದ ಚಿಕಿತ್ಸೆಗಳು ಈ ನಂಬಿಕೆಯ ಮೇಲೆಯೇ ನಿಂತಿವೆ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಮತ್ತು ಕಣ್ಣಿನ ತಜ್ಞರ ಸಂಘಗಳು 2009ರಲ್ಲಿ ಜಂಟಿ ಹೇಳಿಕೆ ಹೊರಡಿಸಿ, ಇವುಗಳಿಂದ ಓದಿನ ತೊಂದರೆ ಗುಣವಾಗುತ್ತದೆ ಎನ್ನಲು ಆಧಾರವಿಲ್ಲವೆಂದು ಸ್ಪಷ್ಟಪಡಿಸಿದವು. ಹಾಗೆಂದು ಕಣ್ಣಿನ ಪರೀಕ್ಷೆಯನ್ನು ಬಿಡಬಾರದು. ಮಗು ಓದುತ್ತಿಲ್ಲ ಎಂದಾಗ ಮೊದಲು ಮಾಡಿಸಬೇಕಾದದ್ದು ಕಣ್ಣು ಮತ್ತು ಕಿವಿಯ ತಪಾಸಣೆಯೇ, ಏಕೆಂದರೆ ಕಪ್ಪು ಹಲಗೆ ಮಸುಕಾಗಿ ಕಾಣುವ ಮಗುವಿಗೂ, ಪದೇ ಪದೇ ಕಿವಿ ಸೋರಿ ಕೇಳಿಸುವುದು ಕಡಿಮೆಯಾದ ಮಗುವಿಗೂ ಬೇಕಾದ ಚಿಕಿತ್ಸೆ ಬೇರೆ.

ಕಳೆದ ಅರ್ಧ ಶತಮಾನದ ಸಂಶೋಧನೆ ಬೊಟ್ಟುಮಾಡಿದ್ದು ಕಣ್ಣಿನ ಕಡೆಗಲ್ಲ, ಧ್ವನಿಯ ಕಡೆಗೆ. ಮಾತನ್ನು ನಾವು ಒಂದು ಹರಿವಾಗಿ ಕೇಳಿಸಿಕೊಳ್ಳುತ್ತೇವೆ. ಓದಲು ಕಲಿಯಬೇಕಾದರೆ ಆ ಹರಿವನ್ನು ತುಂಡುಗಳಾಗಿ ಬಿಡಿಸಿ, ಪ್ರತಿ ತುಂಡಿಗೂ ಒಂದು ಗುರುತನ್ನು ಹೊಂದಿಸಬೇಕು. ‘ಕಮಲ’ದಿಂದ ‘ಮ’ ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿದರೆ ‘ಕಲ’ ಎಂದು ಐದಾರು ವರ್ಷದ ಅನೇಕ ಮಕ್ಕಳು ಹೇಳಬಲ್ಲರು. ‘ಮೂರು’ ಎಂಬ ಪದದ ಮೊದಲ ‘ಮ್’ ಧ್ವನಿಯನ್ನಷ್ಟೇ ತೆಗೆದರೆ ಏನಾಗುತ್ತದೆ ಎಂದು ಕೇಳಿದಾಗ ‘ಊರು’ ಎನ್ನುವುದು ಅದಕ್ಕಿಂತ ಬಹಳ ಕಷ್ಟ. ಮೊದಲನೆಯದರಲ್ಲಿ ಇಡೀ ಅಕ್ಷರವನ್ನು ಎತ್ತಿಟ್ಟರೆ ಸಾಕು. ಎರಡನೆಯದರಲ್ಲಿ ಅಕ್ಷರವನ್ನೇ ಸೀಳಿ ವ್ಯಂಜನವನ್ನು ಸ್ವರದಿಂದ ಬೇರ್ಪಡಿಸಬೇಕು. ಡಿಸ್ಲೆಕ್ಸಿಯಾ ಇರುವ ಹೆಚ್ಚಿನ ಮಕ್ಕಳಲ್ಲಿ ದುರ್ಬಲವಾಗಿರುವುದು ಧ್ವನಿಗಳನ್ನು ಹೀಗೆ ಹಿಡಿದು, ಬಿಡಿಸಿ, ಮರುಜೋಡಿಸುವ ಶಕ್ತಿ. ಇದು ಕುಟುಂಬಗಳಲ್ಲಿ ಹರಿದುಬರುತ್ತದೆ. ತಂದೆಗೋ ಚಿಕ್ಕಪ್ಪನಿಗೋ ಇದೇ ತೊಂದರೆ ಇದ್ದದ್ದು ವಿಚಾರಿಸಿದಾಗ ತಿಳಿಯುವುದುಂಟು.

ಮಿದುಳಿನ ಈ ಸ್ವಭಾವ ಎಲ್ಲ ಭಾಷಿಕರಲ್ಲೂ ಒಂದೇ ಆಗಿದ್ದರೆ ತೊಂದರೆಯೂ ಎಲ್ಲೆಡೆ ಒಂದೇ ರೀತಿ ಕಾಣಬೇಕಲ್ಲವೇ? ಹಾಗಾಗುವುದಿಲ್ಲ. 2001ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಡಿಸ್ಲೆಕ್ಸಿಯಾ ಇರುವ ಇಂಗ್ಲಿಷ್, ಫ್ರೆಂಚ್ ಮತ್ತು ಇಟಾಲಿಯನ್ ಭಾಷಿಕರ ಮಿದುಳುಗಳನ್ನು ಅವರು ಓದುತ್ತಿರುವಾಗಲೇ ಸ್ಕ್ಯಾನ್ ಮಾಡಲಾಯಿತು. ಮೂರೂ ಗುಂಪುಗಳಲ್ಲಿ ಎಡ ಮಿದುಳಿನ ಅದೇ ಭಾಗದ ಚಟುವಟಿಕೆ ಕಡಿಮೆಯಿತ್ತು, ಧ್ವನಿಯ ಪರೀಕ್ಷೆಗಳಲ್ಲಿ ಮೂವರೂ ಹಿಂದಿದ್ದರು. ಆದರೆ ಓದಿನಲ್ಲಿ ಇಟಾಲಿಯನ್ನರು ಉಳಿದವರಿಗಿಂತ ಎಷ್ಟೋ ಮೇಲಿದ್ದರು, ಏಕೆಂದರೆ ಇಟಾಲಿಯನ್ ಬರೆದಂತೆ ಓದುವ ಭಾಷೆ. ಇಂಗ್ಲಿಷಿನಲ್ಲಿ ಒಂದೇ ಅಕ್ಷರಕ್ಕೆ ಹಲವು ಉಚ್ಚಾರಗಳಿರುವುದರಿಂದ ಅದು ದುರ್ಬಲ ಓದುಗನ ಕೊರತೆಯನ್ನು ಎತ್ತಿ ತೋರಿಸುತ್ತದೆ. ಜರ್ಮನ್ ಮಕ್ಕಳ ಕುರಿತ ಅಧ್ಯಯನಗಳೂ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸಿದವು: ಅಲ್ಲಿ ಡಿಸ್ಲೆಕ್ಸಿಯಾ ಇರುವ ಮಕ್ಕಳು ಹೆಚ್ಚು ತಪ್ಪು ಮಾಡುವುದಿಲ್ಲ, ಆದರೆ ಬಹಳ ನಿಧಾನವಾಗಿ ಓದುತ್ತಾರೆ. 1999ರ ಒಂದು ವರದಿಯಂತೂ ನೆನಪಿನಲ್ಲಿ ಉಳಿಯುವಂಥದ್ದು. ಇಂಗ್ಲಿಷ್ ಮಾತನಾಡುವ ತಂದೆ ತಾಯಿಗೆ ಹುಟ್ಟಿ ಜಪಾನಿನಲ್ಲಿ ಬೆಳೆದ 16 ವರ್ಷದ ಹುಡುಗನೊಬ್ಬ ಜಪಾನಿಯನ್ನು ಸರಾಗವಾಗಿ ಓದುತ್ತಿದ್ದ. ಅವನ ತೊಂದರೆಯೆಲ್ಲ ಇಂಗ್ಲಿಷಿಗೆ ಸೀಮಿತವಾಗಿತ್ತು. ಹಾಗಾಗಿ, ಒಂದು ಭಾಷೆಯ ಪರೀಕ್ಷೆಯ ಫಲಿತಾಂಶವನ್ನು ನೋಡಿ ಇನ್ನೊಂದು ಭಾಷೆಯ ಓದಿನ ಬಗ್ಗೆ ತೀರ್ಪು ಕೊಡಲಾಗದು.

ಕನ್ನಡ ಬರೆದಂತೆ ಓದುವ ಭಾಷೆ, ಆದ್ದರಿಂದ ಸುಲಭ ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಇದು ಅರ್ಧ ಮಾತ್ರ ನಿಜ. ಉಚ್ಚಾರದಲ್ಲಿ ಕನ್ನಡ ಇಟಾಲಿಯನ್ನಿನಷ್ಟೇ ಪಾರದರ್ಶಕ, ಆದರೆ ಕಲಿಯಬೇಕಾದ ಗುರುತುಗಳ ಸಂಖ್ಯೆಯಲ್ಲಿ ಇಟಾಲಿಯನ್ನಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನಗಳು. 34 ವ್ಯಂಜನಗಳನ್ನು 13 ಸ್ವರಗಳೊಂದಿಗೆ ಕೂಡಿಸಿದರೆ ಕಾಗುಣಿತದ 442 ರೂಪಗಳಾಗುತ್ತವೆ. ಅನುಸ್ವಾರ ವಿಸರ್ಗಗಳು ಮತ್ತು ಒತ್ತಕ್ಷರಗಳು ಅದರ ಮೇಲೆ. ಕಾಗುಣಿತಕ್ಕೆ ನಿಯಮವಿದೆ, ನಿಜ. ತಲೆಕಟ್ಟು, ಇಳಿ, ಗುಡಿಸು, ಕೊಂಬು, ಏತ್ವ, ಓತ್ವಗಳನ್ನು ತಿಳಿದ ಮಗು ಹೊಸ ಅಕ್ಷರವನ್ನು ತಾನೇ ಕಟ್ಟಿಕೊಳ್ಳಬಲ್ಲದು. ಆದರೆ ನಿಯಮಕ್ಕೆ ಅಪವಾದಗಳೂ ಇವೆ. ಉಳಿದ ವ್ಯಂಜನಗಳಿಗೆ ಬಲಬದಿಯಲ್ಲಿ ಹಾಕುವ ಕೊಂಬನ್ನು ‘ವ’ಕ್ಕೂ ಹಾಗೆಯೇ ಹಾಕಿದರೆ ಅದು ‘ಮ’ದಂತೆ ಕಾಣುತ್ತದೆ, ಅದಕ್ಕಾಗಿ ‘ಪು’, ‘ವು’ಗಳಲ್ಲಿ ಕೊಂಬು ಕೆಳಗಿಳಿಯುತ್ತದೆ. ದೊಡ್ಡವರಾದ ನಮಗೆ ಇದು ಕಣ್ಣಿಗೇ ಬೀಳುವುದಿಲ್ಲ. ಏಳು ವರ್ಷದ ಮಗುವಿಗೆ ಅದೊಂದು ಹೊಸ ಪಾಠ.

ಈ ವಿಷಯವನ್ನು ಅಳೆದು ನೋಡಿದವರಲ್ಲಿ ಮುಖ್ಯರು ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿ ಕೆಲಸ ಮಾಡಿದ, ಮುಂದೆ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದ ಮನೋವಿಜ್ಞಾನಿ ಸೋನಾಲಿ ನಾಗ್. ಪ್ರಾಥಮಿಕ ಶಾಲೆಯ ಕನ್ನಡ ಮಕ್ಕಳ ಕುರಿತು ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡು ಸಂಗತಿಗಳು ಹೊರಬಂದವು. ಅಕ್ಷರಗಳ ಪೂರ್ಣ ಪರಿಚಯಕ್ಕೆ ಕನ್ನಡದ ಮಕ್ಕಳು ಇಂಗ್ಲಿಷ್ ಕಲಿಯುವ ಮಕ್ಕಳಿಗಿಂತ ಬಹಳ ಹೆಚ್ಚು ಸಮಯ ತೆಗೆದುಕೊಳ್ಳುತ್ತಾರೆ. ಯಾವ ತೊಂದರೆಯೂ ಇಲ್ಲದ ಮಕ್ಕಳಲ್ಲೂ ಈ ಕಲಿಕೆ ನಾಲ್ಕನೇ ತರಗತಿಯವರೆಗೆ, ಅದರಾಚೆಗೂ ಸಾಗುತ್ತದೆ. ಇನ್ನು ‘ಕಮಲ–ಕಲ’ದಂಥ ಅರಿವು ಬೇಗ ಮೂಡುತ್ತದೆ, ‘ಮೂರು–ಊರು’ವಿನಂಥ ಅರಿವು ನಿಧಾನವಾಗಿ, ಅಕ್ಷರಜ್ಞಾನ ಬೆಳೆದಂತೆ ಬೆಳೆಯುತ್ತದೆ. ಬಳಿಕ ಮನೋವಿಜ್ಞಾನಿ ಮಾರ್ಗರೆಟ್ ಸ್ನೋಲಿಂಗ್ ಅವರೊಂದಿಗೆ ಅವರು ಓದಿನಲ್ಲಿ ಹಿಂದುಳಿದ ಕನ್ನಡ ಮಕ್ಕಳನ್ನೇ ಪ್ರತ್ಯೇಕವಾಗಿ ನೋಡಿದಾಗ, ಅಕ್ಷರಜ್ಞಾನ ಮತ್ತು ಧ್ವನಿಯ ಅರಿವು ಎರಡೂ ದುರ್ಬಲವಾಗಿದ್ದುದು ಕಂಡಿತು. ಆದರೆ ಆ ಮಕ್ಕಳೆಲ್ಲರ ಕಷ್ಟ ಒಂದೇ ಅಚ್ಚಿನಲ್ಲಿ ಇರಲಿಲ್ಲ.

ಈಗ ‘ಬಕಿತ’ ಎಂದು ಓದಿದ ಮಗುವಿನ ಕಡೆಗೆ ಮರಳೋಣ. ‘ಕ್ತಿ’ಯನ್ನು ಉಚ್ಚರಿಸುವಾಗ ಧ್ವನಿಗಳು ಕ್, ತ್, ಇ ಎಂಬ ಕ್ರಮದಲ್ಲಿ ಬರುತ್ತವೆ. ಬರೆಯುವಾಗ ಮಾತ್ರ ‘ಇ’ಯ ಗುಡಿಸು ‘ಕ’ದ ತಲೆಯ ಮೇಲೆ ಕೂರುತ್ತದೆ, ‘ತ’ ಅದರ ಅಡಿಯಲ್ಲಿ ಒತ್ತಾಗಿ ಬರುತ್ತದೆ. ಕಣ್ಣಿಗೆ ಮೊದಲು ಕಾಣುವುದು ‘ಕಿ’, ಆಮೇಲೆ ‘ತ’. ಅಂದರೆ ಮಗು ಕಂಡದ್ದನ್ನು ಕಂಡ ಕ್ರಮದಲ್ಲೇ ಓದಿದೆ. ‘ಸೂರ್ಯ’ದಲ್ಲಿಯೂ ಹೀಗೆಯೇ: ‘ರ್’ ಮೊದಲು ಕೇಳುತ್ತದೆ, ಅರ್ಕಾವತ್ತು ‘ಯ’ದ ಬಲಕ್ಕೆ, ಕೊನೆಯಲ್ಲಿ ಕಾಣುತ್ತದೆ. ಕೇಳುವ ಕ್ರಮಕ್ಕೂ ಕಾಣುವ ಕ್ರಮಕ್ಕೂ ಇರುವ ಈ ವ್ಯತ್ಯಾಸವನ್ನು ಯಾರೂ ಬಾಯಿಬಿಟ್ಟು ಹೇಳಿಕೊಡದಿದ್ದರೆ ಚುರುಕಾದ ಮಗುವೂ ಬಹುಕಾಲ ಎಡವುತ್ತದೆ. ನನ್ನ ಅಭಿಪ್ರಾಯದಲ್ಲಿ ಒತ್ತಕ್ಷರವನ್ನು ಕಾಪಿ ಬರೆಸಿ ಕಲಿಸುವ ಪದ್ಧತಿಯ ದೊಡ್ಡ ಕೊರತೆ ಇದೇ: ಕೈ ಆಕಾರವನ್ನು ಕಲಿಯುತ್ತದೆ, ಕಿವಿಗೆ ಮಾತ್ರ ಆ ಆಕಾರದೊಳಗಿನ ಧ್ವನಿಗಳು ಬಿಡಿಬಿಡಿಯಾಗಿ ಕೇಳಿಸಿರುವುದೇ ಇಲ್ಲ.

ತಪ್ಪುಗಳ ಇನ್ನೊಂದು ರಾಶಿಯೂ ಇದೆ, ಅದಕ್ಕೂ ಮಿದುಳಿಗೂ ಸಂಬಂಧವಿಲ್ಲ. ಮಂಡ್ಯ, ಮೈಸೂರು ಕಡೆಯ ಅನೇಕ ಮನೆಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ. ದಿನನಿತ್ಯದ ಮಾತಿನಲ್ಲಿ ಮಹಾಪ್ರಾಣ ಕೇಳಿಸುವುದೇ ಅಪರೂಪ. ಹೀಗಿರುವಾಗ ‘ಹ’ ಬದಲಿಗೆ ‘ಅ’, ‘ಭ’ ಬದಲಿಗೆ ‘ಬ’ ಬರೆಯುವ ಮಗು ತನ್ನ ಮನೆಯ ಮಾತಿಗೆ ನಿಷ್ಠವಾಗಿ ಬರೆಯುತ್ತಿದೆ. ಅದರ ಧ್ವನಿಯ ಅರಿವು ಸರಿಯಾಗಿಯೇ ಇದೆ ಎನ್ನಲು ಅದೇ ಸಾಕ್ಷಿ. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು, ಕೊಡವ, ಬ್ಯಾರಿ ಮಾತನಾಡುವ ಮಗುವಿಗಂತೂ ಪಠ್ಯದ ಕನ್ನಡವೇ ಎರಡನೆಯ ಭಾಷೆ. ಪದವೇ ಗೊತ್ತಿಲ್ಲದೆ ಓದು ನಿಲ್ಲುವುದಕ್ಕೂ, ಗೊತ್ತಿರುವ ಪದವನ್ನು ಅಕ್ಷರಗಳಿಂದ ಕಟ್ಟಲಾಗದೆ ಓದು ನಿಲ್ಲುವುದಕ್ಕೂ ವ್ಯತ್ಯಾಸವಿದೆ. ಕೆಂಪು ಶಾಯಿಯ ಗುರುತು ಮಾತ್ರ ಇವೆಲ್ಲಕ್ಕೂ ಒಂದೇ ಬಗೆಯಲ್ಲಿ ಬೀಳುತ್ತದೆ.

ಈ ಹಿನ್ನೆಲೆಯಲ್ಲಿ ಕಾನೂನನ್ನು ಓದಿದರೆ ಒಂದು ಬಿಕ್ಕಟ್ಟು ಎದ್ದು ಕಾಣುತ್ತದೆ. ವಿಕಲಚೇತನರ ಕುರಿತ 1995ರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಉಲ್ಲೇಖವೇ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ನ್ಯೂನತೆಗಳ ಪಟ್ಟಿಯನ್ನು 7ರಿಂದ 21ಕ್ಕೆ ವಿಸ್ತರಿಸಿ ಅದನ್ನು ಸೇರಿಸಿತು. ಶಿಕ್ಷಣ ಸಂಸ್ಥೆಗಳು ಇಂಥ ಮಕ್ಕಳನ್ನು ಆದಷ್ಟು ಬೇಗ ಗುರುತಿಸಿ, ತಕ್ಕ ಬೋಧನಾ ಕ್ರಮಗಳನ್ನು ಕೈಗೊಳ್ಳಬೇಕೆಂದು ಅದರ 16ನೇ ಸೆಕ್ಷನ್ ಹೇಳುತ್ತದೆ. 2018ರ ಜನವರಿಯಲ್ಲಿ ಬಂದ ಮಾರ್ಗಸೂಚಿಯು ಮೂರನೇ ತರಗತಿಯಲ್ಲಿ ಅಥವಾ ಎಂಟನೇ ವಯಸ್ಸಿನಲ್ಲಿ ಶಿಕ್ಷಕರು ಮೊದಲ ಹಂತದ ತಪಾಸಣೆ ನಡೆಸಬೇಕೆಂದು ನಿಗದಿಪಡಿಸಿತು. ಅದರ ಪ್ರಕಾರ ಎಂಟು ವರ್ಷಕ್ಕಿಂತ ಮೊದಲು ನ್ಯೂನತೆಯ ಪ್ರಮಾಣಪತ್ರವಿಲ್ಲ, 14ರಲ್ಲಿ ಮತ್ತು 18ರಲ್ಲಿ ಮರುಪರೀಕ್ಷೆ. ಆದರೆ ಎಂಟನೇ ವಯಸ್ಸು ಕನ್ನಡದಲ್ಲಿ ಎಲ್ಲ ಮಕ್ಕಳೂ ಇನ್ನೂ ಕಾಗುಣಿತ, ಒತ್ತಕ್ಷರಗಳೊಂದಿಗೆ ಸೆಣಸುತ್ತಿರುವ ವಯಸ್ಸು. ಆ ಒಂದು ದಿನ ಮಗುವಿಗೆ ಎಷ್ಟು ಅಕ್ಷರ ಗೊತ್ತು ಎಂದು ಎಣಿಸಿದರೆ ತಡವಾಗಿ ಕಲಿಯುವವರೂ ಡಿಸ್ಲೆಕ್ಸಿಯಾ ಇರುವವರೂ ಒಂದೇ ರಾಶಿಯಲ್ಲಿ ಬೀಳುತ್ತಾರೆ.

ಹಾಗಾದರೆ ಬೇರ್ಪಡಿಸುವುದು ಹೇಗೆ? ಒಂದು ದಿನದ ಅಂಕಕ್ಕಿಂತ ಕೆಲವು ತಿಂಗಳ ಚಲನೆ ಹೆಚ್ಚು ಹೇಳುತ್ತದೆ. ಮನೋವೈದ್ಯರು ಬಳಸುವ ಡಿಎಸ್‌ಎಂ ಕೈಪಿಡಿಯ 2013ರ ಆವೃತ್ತಿಯು, ಬುದ್ಧಿಮಟ್ಟಕ್ಕೂ ಓದಿನ ಮಟ್ಟಕ್ಕೂ ಇರುವ ಅಂತರವನ್ನು ಅಳೆಯುವ ಹಳೆಯ ಪದ್ಧತಿಯನ್ನು ಕೈಬಿಟ್ಟು, ಉದ್ದೇಶಪೂರ್ವಕವಾದ ನೆರವು ಕೊಟ್ಟ ಮೇಲೂ ಕನಿಷ್ಠ 6 ತಿಂಗಳು ತೊಂದರೆ ಉಳಿದಿದೆಯೇ ಎಂದು ನೋಡಲು ಹೇಳುತ್ತದೆ. ಕನ್ನಡಕ್ಕೆ ಈ ಮಾನದಂಡ ಹೆಚ್ಚು ಹೊಂದುತ್ತದೆ ಎಂದು ನನಗೆ ಅನ್ನಿಸುತ್ತದೆ. ಬಿಡಿಸಿ ಹೇಳಿಕೊಟ್ಟಾಗ ‘ಕ್ತಿ’ ಕಲಿತ ಮಗು ‘ಸ್ತಿ’, ‘ಪ್ತಿ’ಗಳನ್ನು ತಾನೇ ಊಹಿಸಿದರೆ ಅದಕ್ಕೆ ಕೊರತೆಯಾಗಿದ್ದದ್ದು ಪಾಠ ಎಂದು ತಿಳಿಯಬಹುದು. ತಿಂಗಳುಗಟ್ಟಲೆ ಕಲಿಸಿದ ಮೇಲೂ ಪ್ರತಿ ಅಕ್ಷರವನ್ನೂ ಹೊಸದಾಗಿಯೇ ಕಲಿಯಬೇಕಾಗಿ ಬಂದರೆ, ಚಿರಪರಿಚಿತ ಚಿತ್ರಗಳ, ಬಣ್ಣಗಳ ಹೆಸರುಗಳನ್ನು ವೇಗವಾಗಿ ಹೇಳಲೂ ತಡವರಿಸಿದರೆ, ಅಕ್ಷರ ಗೊತ್ತಿದ್ದರೂ ಓದು ಹೆಜ್ಜೆಹೆಜ್ಜೆಗೆ ನಿಲ್ಲುತ್ತಿದ್ದರೆ, ಆಗ ತಜ್ಞರ ಪರೀಕ್ಷೆಯನ್ನು ಮುಂದೂಡಬಾರದು. ಪ್ರಮಾಣಪತ್ರಕ್ಕಾಗಿ 2018ರ ಮಾರ್ಗಸೂಚಿ ಹೆಸರಿಸಿದ್ದು ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾಮಾಲೆಯನ್ನು. ಅದರಲ್ಲಿ ಗಮನ, ನೆನಪು, ಓದು, ಬರಹ, ಲೆಕ್ಕಗಳ ಪರೀಕ್ಷೆಗಳಿವೆ. ಭಾರತೀಯ ಭಾಷೆಗಳ ಓದನ್ನೇ ಗಮನದಲ್ಲಿಟ್ಟು ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಎಂಬ ಸಾಧನ ಕನ್ನಡದಲ್ಲಿಯೂ ಇದೆ; 1ರಿಂದ 5ನೇ ತರಗತಿಯವರೆಗೆ ಶಿಕ್ಷಕರು ಬಳಸುವ ತಪಾಸಣಾ ಪಟ್ಟಿ ಅದರ ಒಂದು ಭಾಗ.

ಪರೀಕ್ಷೆಗೆ ಕಾಯುವ ಈ ಅವಧಿಯಲ್ಲಿ ಮಗುವಿನ ಮನಸ್ಸಿಗೆ ಆಗುವ ಪೆಟ್ಟನ್ನು ಯಾವ ಪರೀಕ್ಷಾಮಾಲೆಯೂ ಪೂರ್ತಿಯಾಗಿ ಅಳೆಯಲಾರದು. ಗಟ್ಟಿಯಾಗಿ ಓದುವ ಸರದಿ ಹತ್ತಿರ ಬರುತ್ತಿದ್ದಂತೆ ಹೊಟ್ಟೆನೋವು ಎನ್ನುವ, ನೀರು ಕುಡಿಯಲು ಹೊರಗೆ ಹೋಗುವ ಮಗು ಸೋಮಾರಿಯಲ್ಲ. ಅವಮಾನದಿಂದ ತಪ್ಪಿಸಿಕೊಳ್ಳುವ ದಾರಿ ಹುಡುಕುತ್ತಿದೆ. ಓದಿನ ತೊಂದರೆ ಇರುವ ಮಕ್ಕಳಲ್ಲಿ ಆತಂಕ ಮತ್ತು ಖಿನ್ನತೆಯ ಲಕ್ಷಣಗಳು ಉಳಿದವರಿಗಿಂತ ಹೆಚ್ಚು ಎಂಬುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೀತ್ ಸ್ಟಾನೊವಿಚ್ ಎಂಬ ಮನೋವಿಜ್ಞಾನಿ 1986ರಲ್ಲಿ ವಿವರಿಸಿದ ಸುಳಿಯೂ ಇಲ್ಲಿ ಸೇರಿಕೊಳ್ಳುತ್ತದೆ: ಓದು ಬಂದವರು ಹೆಚ್ಚು ಓದಿ ಪದಸಂಪತ್ತು ಬೆಳೆಸಿಕೊಳ್ಳುತ್ತಾರೆ, ಬಾರದವರು ಓದನ್ನೇ ತಪ್ಪಿಸುತ್ತ ಪದಗಳಲ್ಲಿಯೂ ವಿಷಯಜ್ಞಾನದಲ್ಲಿಯೂ ಹಿಂದೆ ಬೀಳುತ್ತಾರೆ. ಒಂದೆರಡು ವರ್ಷಗಳ ಬಳಿಕ ನೋಡಿದವರಿಗೆ ಆ ಮಗು ಎಲ್ಲದರಲ್ಲೂ ‘ದಡ್ಡ’ನಂತೆ ಕಾಣುತ್ತದೆ. ಮೊದಲಿದ್ದ ತೊಂದರೆ ಒಂದೇ, ಉಳಿದವು ಅದರ ಬೆನ್ನಿಗೆ ಬಂದವು ಎಂಬುದು ಆಗ ಯಾರಿಗೂ ನೆನಪಿರುವುದಿಲ್ಲ. ದಡ್ಡ ಎಂಬ ಆ ಒಂದು ಮಾತು ತರಗತಿಯಲ್ಲಿ ಕೇಳಿಬರದಂತೆ ನೋಡಿಕೊಳ್ಳಲು ಯಾವ ಅನುದಾನವೂ ಬೇಕಿಲ್ಲ.

ಸಮನ್ವಯ ಶಿಕ್ಷಣವೆಂದರೆ ಇಂಥ ಮಗುವನ್ನು ಅದೇ ತರಗತಿಯಲ್ಲಿ ಉಳಿಸಿಕೊಂಡು, ಪಾಠ ಹೇಳುವ ರೀತಿಯನ್ನು ಬದಲಿಸುವುದು. ಇದಕ್ಕೆ ಕರ್ನಾಟಕದಲ್ಲಿ ಒಂದು ನೆಲೆಗಟ್ಟು ಆಗಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಹರಡಿದ ನಲಿಕಲಿ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕೆಯ ಏಣಿಯನ್ನು ತನ್ನ ವೇಗದಲ್ಲಿ ಹತ್ತುತ್ತದೆ. ಅ, ಆ, ಇ, ಈ ಎಂಬ ವರ್ಣಮಾಲೆಯ ಕ್ರಮವನ್ನು ಬಿಟ್ಟು ‘ರ ಗ ಸ ದ ಅ’ ಎಂದು ಆರಂಭಿಸುವುದರಿಂದ ಮೊದಲ ಐದು ಅಕ್ಷರಗಳಲ್ಲೇ ‘ಅರಸ’, ‘ದರ’, ‘ಸರ’ ಮುಂತಾದ ಪದಗಳನ್ನು ಓದಬಹುದು. ಓದಿನ ತೊಂದರೆ ಇರುವ ಮಗುವಿಗೆ ಬೇಕಾದದ್ದೂ ಇದೇ ದಾರಿ, ಆದರೆ ಇನ್ನೂ ಸಣ್ಣ ಹೆಜ್ಜೆಗಳಲ್ಲಿ, ಇನ್ನೂ ಹೆಚ್ಚು ಪುನರಾವರ್ತನೆಯೊಂದಿಗೆ: ಧ್ವನಿಯನ್ನು ಕೇಳಿಸಿ, ಬಾಯಲ್ಲಿ ಹೇಳಿಸಿ, ಮರಳಿನ ಮೇಲೆ ಬೆರಳಿನಿಂದ ಬರೆಯಿಸಿ, ವ್ಯಂಜನ ಮತ್ತು ಸ್ವರವನ್ನು ಬೇರೆ ಬೇರೆ ಚೀಟಿಗಳಲ್ಲಿಟ್ಟು ಜೋಡಿಸಿ ತೋರಿಸಬೇಕು. ವಿಜ್ಞಾನ, ಸಮಾಜ ಪಾಠಗಳ ಉತ್ತರವನ್ನು ಬಾಯಿಮಾತಿನಲ್ಲಿ ಹೇಳಲು ಬಿಟ್ಟರೆ ಮಗುವಿನ ತಿಳಿವಳಿಕೆ ಎಷ್ಟಿದೆ ಎಂದು ಶಿಕ್ಷಕರಿಗೂ ಸಹಪಾಠಿಗಳಿಗೂ ಗೊತ್ತಾಗುತ್ತದೆ.

ಪರೀಕ್ಷೆಯ ವಿನಾಯಿತಿಗಳ ಬಗ್ಗೆ ಒಂದು ಮಾತು ಅಗತ್ಯ. 2016ರ ಕಾಯ್ದೆಯ 17ನೇ ಸೆಕ್ಷನ್ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಈ ಮೂರನ್ನೂ ಹೆಸರಿಸುತ್ತದೆ. 2018ರ ಆಗಸ್ಟ್‌ನ ಕೇಂದ್ರ ಮಾರ್ಗಸೂಚಿ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯವನ್ನು ನಿಗದಿಪಡಿಸಿತು. ಇದು ಔದಾರ್ಯವಲ್ಲ, ಹಕ್ಕು. ನೀಟ್ ಪರೀಕ್ಷೆಯಲ್ಲಿ ಬರವಣಿಗೆಯ ನ್ಯೂನತೆ ಇದ್ದ ವಿದ್ಯಾರ್ಥಿನಿಯೊಬ್ಬಳಿಗೆ ಆ ಹೆಚ್ಚುವರಿ ಗಂಟೆ ಸಿಗದೆ ಹೋದಾಗ, ಅನ್ಯಾಯವಾದದ್ದು ಒಬ್ಬರಿಗೇ ಆದರೂ ಅದನ್ನು ಸರಿಪಡಿಸುವ ಹೊಣೆ ಪರೀಕ್ಷೆ ನಡೆಸುವವರದ್ದೆಂದು ಸುಪ್ರೀಂ ಕೋರ್ಟ್ 2021ರ ನವೆಂಬರ್‌ನಲ್ಲಿ ತೀರ್ಪಿತ್ತಿತು. ಭಾಷಾ ವಿನಾಯಿತಿಯನ್ನು ಮಾತ್ರ ಎಚ್ಚರದಿಂದ ಬಳಸಬೇಕು ಎಂದು ನಾನು ಭಾವಿಸುತ್ತೇನೆ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಹಲವೊಮ್ಮೆ ಮೊದಲು ಬಿಟ್ಟುಹೋಗುವುದು ಕನ್ನಡ. ಬರೆದಂತೆ ಓದುವ ಲಿಪಿ ಆ ಮಗುವಿಗೆ ಇಂಗ್ಲಿಷಿಗಿಂತ ಸುಲಭವಾಗಬಹುದಾಗಿತ್ತೇ ಎಂದು ಎರಡೂ ಭಾಷೆಗಳಲ್ಲಿ ಓದಿಸಿ ನೋಡಿದ ಮೇಲಷ್ಟೇ ಆ ನಿರ್ಧಾರ ಮಾಡುವುದು ಒಳಿತು.

ತಪಾಸಣೆಗೆ ಹೋಗುವ ತಂದೆ ತಾಯಿ ಮಗುವಿನ ಹಳೆಯ ನೋಟ್‌ಬುಕ್ಕುಗಳನ್ನು ರದ್ದಿಗೆ ಹಾಕದೆ ಜೊತೆಗೆ ಒಯ್ಯಬೇಕು. ಕಳೆದ ವರ್ಷದ ಉಕ್ತಲೇಖನ, ಈ ವರ್ಷದ ಉಕ್ತಲೇಖನ, ಶಿಕ್ಷಕರು ಯಾವ ತಿಂಗಳಿನಿಂದ ಏನನ್ನು ಬೇರೆಯಾಗಿ ಕಲಿಸಿದರು ಎಂಬ ನಾಲ್ಕು ಸಾಲಿನ ಟಿಪ್ಪಣಿ, ಮನೆಯ ಮಾತು ಯಾವುದು, ಕಣ್ಣು ಕಿವಿಯ ವರದಿ, ಕುಟುಂಬದಲ್ಲಿ ಓದಿಗೆ ಕಷ್ಟಪಟ್ಟವರು ಯಾರಾದರೂ ಇದ್ದಾರೆಯೇ ಎಂಬ ಮಾಹಿತಿ, ಇಷ್ಟು ಮೇಜಿನ ಮೇಲಿದ್ದರೆ, ‘ಬಕಿತ’ ಎಂಬ ತಪ್ಪು ಎಷ್ಟು ತಿಂಗಳು ಹಾಗೆಯೇ ಉಳಿದಿದೆ, ಯಾವಾಗ ‘ಭಕ್ತಿ’ಯ ಕಡೆಗೆ ಸರಿಯತೊಡಗಿತು ಎಂಬುದನ್ನು ಮನೋವಿಜ್ಞಾನಿ ಪುಟ ತಿರುವಿ ನೋಡಬಹುದು.